ರಿಸರ್ವ್ ಬ್ಯಾಂಕ್ ಅಲ್ಲದ ಆರ್‌ಬಿಐ: ನಾಲ್ಕು ಹಳೇ ಬೇಸ್‌ಬಾಲ್ ಕ್ಯಾಸೆಟ್‌ಗಳು

ಹಳೇ ಟಿವಿ ಗೇಮ್‌ನ ನಾಲ್ಕು ಬೇಸ್‌ಬಾಲ್ ಕ್ಯಾಸೆಟ್ ಆಡಿ ನೋಡಿದೆ. ಮೊದಲೇ ಹೇಳಿಬಿಡುತ್ತೇನೆ, ನನ್ನ ಓಟು ಆರ್‌ಬಿಐ ಬೇಸ್‌ಬಾಲ್‌ಗೆ. ಹೆಸರು ಕೇಳಿ ರಿಸರ್ವ್ ಬ್ಯಾಂಕ್ ನೆನಪಾದರೆ ತಪ್ಪಿಲ್ಲ, ನನಗೂ ಹಾಗೇ ಆಗಿತ್ತು. ಇಲ್ಲಿ ಅದು ರನ್ಸ್ ಬ್ಯಾಟೆಡ್ ಇನ್. ಒಬ್ಬ ಬ್ಯಾಟರ್ ತನ್ನ ಹೊಡೆತದಿಂದ ತಂಡಕ್ಕೆ ತಂದುಕೊಟ್ಟ ರನ್‌ಗಳ ಲೆಕ್ಕ. ನಾನು ಅದಕ್ಕೆ ಕೊಟ್ಟಿದ್ದು 11 ಡಾಲರ್. 30 ಡಾಲರ್ ಕೊಟ್ಟು ತಂದ ಇನ್ನೊಂದು ಕ್ಯಾಸೆಟ್ ನನಗೆ ಎಷ್ಟು ಕಾಟ ಕೊಟ್ಟಿತು ಅನ್ನೋದು ಮುಂದೆ ಬರುತ್ತೆ.

ಇಲ್ಲಿ ಅಮೆರಿಕದಲ್ಲಿ ಎಲ್ಲರೂ ಕಾರ್ಟ್ರಿಡ್ಜ್ ಅನ್ನುತ್ತಾರೆ. ನನ್ನ ಬಾಯಲ್ಲಿ ಇವತ್ತಿಗೂ ಕ್ಯಾಸೆಟ್ಟೇ. ತೊಂಬತ್ತರ ದಶಕದಲ್ಲಿ ಹಾಸನದ ನಮ್ಮ ಮನೆಗೆ ಬಂದಿದ್ದು ನಿಂಟೆಂಡೋದ ನಕಲಿ ಟಿವಿ ಗೇಮ್. ನೂರಾರು ಆಟ ಇದೆ ಅಂತ ಬರೆದಿದ್ದ ಕ್ಯಾಸೆಟ್‌ನಲ್ಲಿ ಮಾರಿಯೋ, ಕಾಂಟ್ರಾ ಮುಗಿದ ಮೇಲೆ ಪಟ್ಟಿಯಲ್ಲಿ ಎಲ್ಲೋ ಕೆಳಗೆ ‘ಬೇಸ್‌ಬಾಲ್’ ಅಂತ ಒಂದಿತ್ತು. ಅದನ್ನು ನಾವು ಕ್ರಿಕೆಟ್ ಅಂದುಕೊಂಡೇ ಆಡಿದ್ದು. ಚೆಂಡು ಹಿಂದಕ್ಕೆ ಹೋದರೆ ಲೇಟ್ ಕಟ್ ಅಂತ ಕುಣಿಯುತ್ತಿದ್ದೆವು. ಪರದೆ ಮೇಲೆ ಫೌಲ್ ಅಂತ ಬರುತ್ತಿತ್ತು, ಬೇಸ್‌ಬಾಲ್‌ನಲ್ಲಿ ಹಿಂದಕ್ಕೆ ಹೋದ ಹೊಡೆತಕ್ಕೆ ರನ್ ಇಲ್ಲ. ಆಟದಲ್ಲೇ ಏನೋ ದೋಷ ಇದೆ ಅಂತ ನನ್ನ ಅಣ್ಣ ತೀರ್ಪು ಕೊಟ್ಟಿದ್ದ.

ಹೋದ ವರ್ಷ ಒಂದು ಎನ್‌ಇಎಸ್, ಅಂದರೆ ನಿಂಟೆಂಡೋದ ಅಸಲಿ ಟಿವಿ ಗೇಮ್ ಸಿಕ್ಕಿತು. ಮಗನಿಗೆ ಈಗ ಹನ್ನೊಂದು, ಶಾಲೆಯಲ್ಲಿ ಬೇಸ್‌ಬಾಲ್ ಆಡುತ್ತಾನೆ. ಹಾಗಾಗಿ ಮೊದಲು ಕೊಂಡಿದ್ದೇ ಬೇಸ್‌ಬಾಲ್ ಕ್ಯಾಸೆಟ್‌ಗಳು.

ನಿಂಟೆಂಡೋದ ‘ಬೇಸ್‌ಬಾಲ್’ ಜಪಾನಿನಲ್ಲಿ 1983ರಲ್ಲಿ ಬಂದಿದ್ದು. 1985ರಲ್ಲಿ ಅಮೆರಿಕಕ್ಕೆ ಎನ್‌ಇಎಸ್ ಬಂದಾಗ ಜೊತೆಯಲ್ಲೇ ಬಂತು. ನನ್ನ ಬಾಲ್ಯದ ಆಟ ಇದೇ. ಆದರೆ ಇದರಲ್ಲಿ ಫೀಲ್ಡರ್‌ಗಳು ತಾವಾಗಿಯೇ ಓಡುತ್ತಾರೆ, ಅದೂ ಊಟ ಮಾಡಿ ಎದ್ದವರ ಹಾಗೆ. ಚೆಂಡು ಪಕ್ಕದಲ್ಲೇ ಉರುಳಿಕೊಂಡು ಹೋದರೂ ನಾವು ಏನೂ ಮಾಡುವ ಹಾಗಿಲ್ಲ. ಅವರು ಹಿಡಿದ ಮೇಲೆ ಯಾವ ಬೇಸ್‌ಗೆ (ರನ್‌ಗೆ ಓಡುವವನು ಮುಟ್ಟಬೇಕಾದ ಮೂಲೆ) ಎಸೆಯಬೇಕು ಅನ್ನೋದಷ್ಟೇ ನಮ್ಮ ಕೈಯಲ್ಲಿ. ನೆನಪಿಗೋಸ್ಕರ ಎರಡು ದಿನ ಆಡಿದೆ, ಸಾಕಾಯಿತು.

ಜಾಲೆಕೋ ಕಂಪನಿಯ ‘ಬೇಸಸ್ ಲೋಡೆಡ್’ ನೋಡಲು ಚೆಂದ. ಟಿವಿಯಲ್ಲಿ ಪಂದ್ಯ ತೋರಿಸುವ ಹಾಗೆ ಕ್ಯಾಮೆರಾ ಪಿಚರ್, ಅಂದರೆ ಚೆಂಡು ಎಸೆಯುವವನ, ಬೆನ್ನ ಹಿಂದೆ ನಿಂತಿರುತ್ತದೆ. ಚೆಂಡು ಎಸೆಯೋಕೆ ಮಜಾ ಇದೆ. ಬ್ಯಾಟ್ ಹಿಡಿದರೆ ಮಾತ್ರ ನಮ್ಮ ಬ್ಯಾಟರ್ ದೂರದಲ್ಲಿ ಪುಟ್ಟಗೆ ನಿಂತಿರುತ್ತಾನೆ, ಚೆಂಡು ನಮ್ಮಿಂದ ದೂರ ಹೋಗುತ್ತಾ ಇರುತ್ತದೆ. ನನ್ನ ತಲೆಗೆ ಅದು ಕಡೆಗೂ ಹತ್ತಲಿಲ್ಲ. ಚೆಂಡು ತಗುಲಿಸಿಕೊಂಡ ಬ್ಯಾಟರ್ ಕೆಲವು ಸಲ ಪಿಚರ್ ಮೇಲೆ ಜಗಳಕ್ಕೆ ಓಡಿ ಬರುತ್ತಾನೆ, ಮಗನಿಗೆ ಅದೊಂದೇ ಇಷ್ಟ. ಒಬ್ಬರೇ ಆಡಿದರೆ 130 ಪಂದ್ಯಗಳ ಸೀಸನ್, ಬಿಟ್ಟಲ್ಲಿಂದ ಮುಂದುವರಿಸಲು ನಡುವೆ ಪಾಸ್‌ವರ್ಡ್ ಬರೆದಿಟ್ಟುಕೊಳ್ಳಬೇಕು. ದಿನಕ್ಕೊಂದು ಆಡಿದರೂ ನಾಲ್ಕು ತಿಂಗಳು. ಅಷ್ಟು ದಿನ ಒಂದು ಚೀಟಿ ಕಳೆಯದೆ ಕಾಪಾಡುವ ಮನುಷ್ಯ ನಾನಲ್ಲ.

ಈಗ 30 ಡಾಲರ್‌ನ ಕಥೆ. ಎಸ್‌ಎನ್‌ಕೆ ಕಂಪನಿ 1989ರಲ್ಲಿ ತಂದ ‘ಬೇಸ್‌ಬಾಲ್ ಸ್ಟಾರ್ಸ್’. ಯಾರನ್ನು ಕೇಳಿದರೂ ಎನ್‌ಇಎಸ್‌ನಲ್ಲಿ ಇದೇ ಮೇಲು ಅನ್ನುತ್ತಾರೆ. ಸುಳ್ಳಲ್ಲ. ನಮ್ಮದೇ ತಂಡ ಕಟ್ಟಬಹುದು, ಆಟಗಾರರಿಗೆ ಹೆಸರಿಡಬಹುದು. ಪಂದ್ಯ ಗೆದ್ದರೆ ದುಡ್ಡು ಬರುತ್ತದೆ, ಆ ದುಡ್ಡಲ್ಲಿ ಆಟಗಾರರ ಬಲ ಏರಿಸಬಹುದು. ಫೀಲ್ಡರ್‌ಗಳು ಹಾರಿ ಹಿಡಿಯುತ್ತಾರೆ, ಗೋಡೆ ಹತ್ತುತ್ತಾರೆ. ಆ ಕಾಲದಲ್ಲೇ ಪೂರ್ತಿ ಹೆಂಗಸರ ತಂಡವೊಂದು ಇದರಲ್ಲಿತ್ತು. ಎಲ್ಲಕ್ಕಿಂತ ದೊಡ್ಡದು, ಇದನ್ನೆಲ್ಲ ಕ್ಯಾಸೆಟ್ಟೇ ನೆನಪಿಟ್ಟುಕೊಳ್ಳುತ್ತದೆ. ಚೀಟಿ ಬೇಡ, ಪಾಸ್‌ವರ್ಡ್ ಬೇಡ.

ನಾನು ಹಾಸನ ಅಂತ ತಂಡ ಕಟ್ಟಿದೆ. ಪಿಚರ್ ನಮ್ಮ ಸೀನು ಚಿಕ್ಕಪ್ಪ. ಗುಂಡ, ನಾಣಿ, ಪುಟ್ಟಿ ಎಲ್ಲರೂ ಇದ್ದರು. ಮೊದಲ ಹತ್ತು ಪಂದ್ಯದಲ್ಲಿ ಚೆನ್ನಾಗಿ ಒದೆ ತಿಂದೆವು. ಆಮೇಲೆ ದುಡ್ಡು ಕೂಡಿಸಿ ಕೂಡಿಸಿ ಚಿಕ್ಕಪ್ಪನ ಎಸೆತಕ್ಕೆ ವೇಗ ತಂದೆ. ಐದು ವಾರ ಆಯಿತು. ದೀಪಾವಳಿ ಗಲಾಟೆಯಲ್ಲಿ ಸ್ವಲ್ಪ ದಿನ ಮುಟ್ಟಲಿಲ್ಲ. ಮತ್ತೆ ಹಾಕಿ ನೋಡಿದರೆ ಹಾಸನವೇ ಇಲ್ಲ. ಪಟ್ಟಿಯಲ್ಲಿ ಕ್ಯಾಸೆಟ್ ಜೊತೆ ಬರುವ ಎಂಟು ತಂಡ ಮಾತ್ರ.

ಮೊದಲು ನನ್ನ ಮೇಲೇ ಅನುಮಾನ ಬಂತು. ಸೇವ್ ಇರುವ ಇಂಥ ಕ್ಯಾಸೆಟ್‌ಗಳಲ್ಲಿ ಒಂದು ಶಾಸ್ತ್ರ ಇದೆ. ಆಫ್ ಮಾಡುವಾಗ ರೀಸೆಟ್ ಒತ್ತಿ ಹಿಡಿದುಕೊಂಡೇ ಪವರ್ ಗುಂಡಿ ಒತ್ತಬೇಕು. ಇಲ್ಲದಿದ್ದರೆ ಕರೆಂಟ್ ಹೋಗುವ ಆ ಕ್ಷಣದಲ್ಲಿ ಮೆಮೊರಿ ಮೇಲೆ ಕಸ ಬರೆದುಕೊಳ್ಳಬಹುದು. ನಿದ್ದೆಗಣ್ಣಲ್ಲಿ ಸುಮ್ನೆ ಆಫ್ ಮಾಡಿದೆನೇನೋ ಅಂದುಕೊಂಡೆ. ಹೊಸ ತಂಡ ಕಟ್ಟಿ, ಶಾಸ್ತ್ರ ಪ್ರಕಾರ ಆಫ್ ಮಾಡಿದೆ. ಎರಡು ದಿನಕ್ಕೆ ಅದೂ ಮಾಯ.

ಕಾರಣ ಒಳಗಿದ್ದ ಬ್ಯಾಟರಿ. ಆಟ ಉಳಿಯುವ ಮೆಮೊರಿ ಚಿಪ್‌ಗೆ ಸದಾ ಒಂಚೂರು ವಿದ್ಯುತ್ ಬೇಕು, ಅದನ್ನು ಕೊಡೋದು ಬಿಲ್ಲೆಯಂಥ 3 ವೋಲ್ಟ್‌ನ ಲಿಥಿಯಂ ಸೆಲ್. ಮೂವತ್ತು ವರ್ಷ ದಾಟಿದ ಸೆಲ್ ಇಷ್ಟು ದಿನ ಬದುಕಿದ್ದೇ ಹೆಚ್ಚು. ಮಾರಿದ ಅಂಗಡಿಯಲ್ಲಿ ‘ಟೆಸ್ಟ್ ಮಾಡಿದ್ದೇವೆ’ ಅಂದಿದ್ದರು. ಟೆಸ್ಟ್ ಅಂದರೆ ಟಿವಿಯಲ್ಲಿ ಚಿತ್ರ ಬಂತಾ ಅಂತ ನೋಡೋದು, ಅಷ್ಟೇ. ಸೇವ್ ಉಳಿಯುತ್ತಾ ಅಂತ ಕೇಳಬೇಕು ಅನ್ನೋದು ನನಗೂ ಹೊಳೆಯಲಿಲ್ಲ.

ಬಿಚ್ಚೋಣ ಅಂದರೆ ಮಾಮೂಲಿ ಸ್ಕ್ರೂಡ್ರೈವರ್ ಕೂರಲ್ಲ. ಅದಕ್ಕೇ ಅಂತ 3.8 ಮಿಲಿಮೀಟರ್‌ನ ಬೇರೆ ಬಿಟ್ ಬರುತ್ತದೆ. “ರೀ, ಒಂದು ಬ್ಯಾಟರಿಗೆ ಇಷ್ಟೆಲ್ಲಾನಾ?” ಅಂದಳು ಹೆಂಡತಿ. ಬಿಟ್ ಬಂತು, ಬಿಚ್ಚಿದೆ. ಮೀಟರ್ ಇಟ್ಟರೆ 1.2 ವೋಲ್ಟ್. ಆ ಸೆಲ್ ಗೋಡೆ ಗಡಿಯಾರದ ಸೆಲ್ ಥರ ಕಿತ್ತು ಹಾಕುವಂಥದ್ದಲ್ಲ. ಎರಡು ತಗಡಿನ ನಾಲಿಗೆಗೆ ಅದನ್ನು ಅಂಟಿಸಿ, ನಾಲಿಗೆಗಳನ್ನು ಬೋರ್ಡ್‌ಗೆ ಬೆಸುಗೆ ಹಾಕಿರುತ್ತಾರೆ. ನಾನು ಜಾಣತನ ಮಾಡಿ ಅಂಗಡಿಯಿಂದ ಸಾದಾ ಸೆಲ್ ತಂದು ಟೇಪ್ ಸುತ್ತಿದೆ. ಮೂರನೇ ಸಲ ಕಟ್ಟಿದ ಹಾಸನ, ಮಗ ಕ್ಯಾಸೆಟ್ ಹೊರಗೆಳೆದಾಗ ಟೇಪ್ ಸಡಿಲವಾಗಿ ಹೋಯಿತು. ಆಮೇಲೆ ನಾಲಿಗೆ ಇರುವ ಸೆಲ್ ತರಿಸಿ, ಗೆಳೆಯನ ಬೆಸುಗೆ ಕಡ್ಡಿ ತಂದು, ಎರಡು ಬೆರಳು ಸುಟ್ಟುಕೊಂಡು ಕೂರಿಸಿದೆ. ಬಿಟ್‌ಗೆ 8 ಡಾಲರ್, ಸೆಲ್‌ಗಳಿಗೆ 6. ಒಟ್ಟು 44 ಆಯಿತು. ಈಗ ಸೇವ್ ಗಟ್ಟಿಯಾಗಿ ಉಳಿಯುತ್ತದೆ. ಉಳಿಸೋಕೆ ಏನೂ ಇಲ್ಲ ಅಷ್ಟೇ. ಸೀನು ಚಿಕ್ಕಪ್ಪನನ್ನು ನಾಲ್ಕನೇ ಸಲ ಸೊನ್ನೆಯಿಂದ ಸಾಕುವ ತಾಳ್ಮೆ ನನಗಿರಲಿಲ್ಲ.

ಆರ್‌ಬಿಐ ಬೇಸ್‌ಬಾಲ್‌ನಲ್ಲಿ ಈ ರಗಳೆ ಇಲ್ಲ, ಯಾಕೆಂದರೆ ಸೇವ್ ಅನ್ನೋದೇ ಇಲ್ಲ. ನಾಮ್ಕೋ ಕಂಪನಿ ಜಪಾನಿನಲ್ಲಿ 1986ರಲ್ಲಿ ಮಾಡಿದ ಆಟವನ್ನು ಟೆಂಜೆನ್ ಕಂಪನಿ 1988ರಲ್ಲಿ ಅಮೆರಿಕಕ್ಕೆ ತಂದಿತು. ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಆಟಗಾರರ ಸಂಘದ ಒಪ್ಪಿಗೆ ಮಾತ್ರ ಇತ್ತು, ಅವರ ಲೀಗ್‌ದು ಇರಲಿಲ್ಲ. ಹಾಗಾಗಿ ಆಟಗಾರರ ಹೆಸರು ಅಸಲಿ, ತಂಡಕ್ಕೆ ಊರಿನ ಹೆಸರಷ್ಟೇ. 1986 ಮತ್ತು 1987ರಲ್ಲಿ ಪ್ಲೇಆಫ್ ತಲುಪಿದ ಎಂಟು ತಂಡಗಳಿವೆ, ಮೇಲೆ ಆಯ್ದ ತಾರೆಯರ ಎರಡು ಆಲ್‌ಸ್ಟಾರ್ ತಂಡ. ಆಟಗಾರರೆಲ್ಲ ಗುಂಡಗುಂಡಗೆ, ಕಡುಬಿಗೆ ಟೋಪಿ ಹಾಕಿದ ಹಾಗೆ. ಟೆಂಜೆನ್ ಆಮೇಲೆ ನಿಂಟೆಂಡೋ ಜೊತೆ ಮುನಿಸಿಕೊಂಡು ಕಪ್ಪು ಡಬ್ಬಿಯಲ್ಲಿ ತಾನೇ ಮಾರತೊಡಗಿತು, ಇಬ್ಬರೂ ಕೋರ್ಟಿಗೂ ಹೋದರು. ನನ್ನದು ಮೊದಲಿನ ಬೂದು ಬಣ್ಣದ್ದು. ಆಟ ಎರಡರಲ್ಲೂ ಒಂದೇ, ಅಗ್ಗಕ್ಕೆ ಸಿಕ್ಕಿದ್ದನ್ನು ತಗೊಳ್ಳಿ.

ಎಸೆದ ಮೇಲೂ ಚೆಂಡನ್ನು ಎಡಕ್ಕೆ ಬಲಕ್ಕೆ ತಿರುಗಿಸಬಹುದು. ಇಡೀ ಆಟದ ರುಚಿ ಇರೋದು ಅಲ್ಲಿ. ನಾನು ಹ್ಯೂಸ್ಟನ್ ತಗೊಂಡು ಅವರ ಪಿಚರ್ ನೋಲನ್ ರಯಾನ್ ಕೈಗೆ ಚೆಂಡು ಕೊಡುತ್ತೇನೆ. ಚೆಂಡು ನೇರ ಬರುತ್ತಾ ಇರುವಾಗ ಕೊನೇ ಗಳಿಗೆಯಲ್ಲಿ ಹೊರಕ್ಕೆ ಎಳೆದರೆ, ಮಗ ಗಾಳಿಗೆ ಬ್ಯಾಟ್ ಬೀಸಿ ನನ್ನ ಕಡೆ ಕೆಂಗಣ್ಣು ಬಿಡುತ್ತಾನೆ. ಇನ್ನಿಂಗ್ಸ್ ಕಳೆದ ಹಾಗೆ ಪಿಚರ್ ದಣಿಯುತ್ತಾನೆ, ಚೆಂಡು ಮೊದಲಿನಷ್ಟು ವೇಗವಾಗಿ ಬರಲ್ಲ. ದುರಾಸೆಯಿಂದ ಅವನನ್ನೇ ಇಟ್ಟುಕೊಂಡರೆ ಮುಗೀತು. 10 ರನ್ ಅಂತರ ಆದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ, ಸೋತವರ ಮರ್ಯಾದೆಯೂ ಉಳಿಯುತ್ತೆ. ಕೊರತೆ ಇಲ್ಲವೇ? ಇದೆ. ಫೀಲ್ಡಿಂಗ್‌ನಲ್ಲಿ ಔಟ್‌ಫೀಲ್ಡರ್‌ಗಳೆಲ್ಲ ಒಟ್ಟಿಗೇ ಕವಾಯತು ಮಾಡುವ ಹಾಗೆ ಓಡುತ್ತಾರೆ, ಒಬ್ಬನನ್ನೇ ಓಡಿಸೋಕೆ ಆಗಲ್ಲ. ಒಬ್ಬರೇ ಆಡಿದರೆ ಬೇಗ ಬೇಜಾರು ಬರಬಹುದು.

ನನ್ನ ದಿನಚರಿಗೆ ಇದೇ ಸರಿ. ರಾತ್ರಿ ಊಟ ಆದ ಮೇಲೆ ಸಿಗೋದು ಅರ್ಧ ಗಂಟೆ, ಅಷ್ಟರಲ್ಲಿ ಒಂದು ಪಂದ್ಯ ಮುಗಿಯುತ್ತದೆ. ಒಬ್ಬರೇ ಇದ್ದು, ಸಮಯ ಇದ್ದು, ಬೆಸುಗೆ ಹಾಕಲು ಬರುತ್ತಿದ್ದರೆ ಬೇಸ್‌ಬಾಲ್ ಸ್ಟಾರ್ಸ್ ತಗೊಳ್ಳಿ. ಆದರೆ ಬ್ಯಾಟರಿ ಬದಲಿಸಿದ್ದೀರಾ ಅಂತ ಮೊದಲು ಕೇಳಿ.

ನಮ್ಮನೆಯಲ್ಲಿ ಈಗ ಒಂದೇ ಜಗಳ. ಸೇಂಟ್ ಲೂಯಿಸ್ ತಂಡದ ವಿನ್ಸ್ ಕೋಲ್ಮನ್ 1987ರ ಒಂದೇ ಸೀಸನ್‌ನಲ್ಲಿ 109 ಬೇಸ್ ಕದ್ದವನು, ಅಂದರೆ ಹೊಡೆತಕ್ಕೆ ಕಾಯದೆ ಮುಂದಿನ ಬೇಸ್‌ಗೆ ಓಡಿದವನು, ಆಟದಲ್ಲೂ ಹಾಗೇ ಓಡುತ್ತಾನೆ. ಅವನು ಫಸ್ಟ್ ಬೇಸ್ ಮುಟ್ಟಿದರೆ ಥರ್ಡ್‌ವರೆಗೆ ತಡೆಯೋಕೆ ನನ್ನಿಂದ ಆಗಲ್ಲ. ಅದಕ್ಕೇ ಸೇಂಟ್ ಲೂಯಿಸ್ ಬೇಕೆನ್ನುವವರು ಟಾಸ್ ಗೆಲ್ಲಬೇಕು ಅಂತ ನಿಯಮ ಮಾಡಿದ್ದೇವೆ. ನಿನ್ನೆ ಟಾಸ್ ನಾನು ಗೆದ್ದೆ. ಪಂದ್ಯ ಮಗ ಗೆದ್ದ, 7–3.