ಸ್ವಿಚ್ಚಿನಲ್ಲಿ 78 ಉಂಟು, ಮುಳ್ಳಿನಲ್ಲಿ ಇಲ್ಲ: ಸೂಟ್‌ಕೇಸ್ ಟರ್ನ್‌ಟೇಬಲ್ ಕೊಳ್ಳುವ ಮುಂಚೆ ಓದಿ

ಮನೆಯ ಹಳೆಯ ರೆಕಾರ್ಡ್ ಪ್ಲೇಯರ್ ಕೆಟ್ಟಿದೆ, ಹೊಸತು ತರಬೇಕು ಅಂತಿದ್ದೀರಾ? ಅದರಲ್ಲೂ ಕಪಾಟಿನಲ್ಲಿ 78ರ ಪ್ಲೇಟುಗಳಿದ್ದರೆ (ನಿಮಿಷಕ್ಕೆ 78 ಸುತ್ತು ತಿರುಗುವ ಹಳೆಯ ಗ್ರಾಮಫೋನ್ ಪ್ಲೇಟು) ಸ್ವಲ್ಪ ನಿಲ್ಲಿ. ನಮಗೆ ಏಳೂವರೆ ಸಾವಿರ ಹೋಯಿತು, ಅದು ಹಾಳಾಗಲಿ. ಜೊತೆಗೆ ಹೋದ ಎಲ್‌ಪಿಗಳನ್ನು, ಅಂದರೆ ನಿಧಾನವಾಗಿ ತಿರುಗುವ ದೊಡ್ಡ ವಿನೈಲ್ ರೆಕಾರ್ಡ್‌ಗಳನ್ನು, ಇನ್ನು ಎಲ್ಲಿಂದ ತರುವುದು?

ನಮ್ಮದು ಮಂಗಳೂರಿನ ಕುಲಶೇಖರದ ಕಡೆ. ಅಪ್ಪನ ಎಚ್‌ಎಂವಿ ಪ್ಲೇಯರ್ 1960ರ ದಶಕದ್ದು. ಮೋಟಾರಿನಿಂದ ತಟ್ಟೆಗೆ ಓಟ ದಾಟಿಸುವ ಚಿಕ್ಕ ರಬ್ಬರ್ ಚಕ್ರ ಇರುತ್ತದಲ್ಲ, ಅದು ಗಟ್ಟಿಯಾಗಿ ಜಾರತೊಡಗಿತ್ತು. ಹಾಡು ನಡುನಡುವೆ ಎಳೆಯುತ್ತಿತ್ತು. ರಿಪೇರಿಯವರು "ಇದರ ಪಾರ್ಟ್ ಈಗ ಎಲ್ಲಿ ಉಂಟು ಮಾರಾಯ್ರೆ" ಎಂದು ವಾಪಸ್ ಕೊಟ್ಟರು. ರೆಕಾರ್ಡ್‌ಗಳು ಮಾತ್ರ ಚೆನ್ನಾಗಿದ್ದವು. ಅಜ್ಜನ ಕಾಲದ ಭಜನೆ, ನಾಟಕದ ಹಾಡುಗಳ 78 ಪ್ಲೇಟುಗಳು. ಪಿ.ಬಿ. ಶ್ರೀನಿವಾಸ್ ಹಾಡಿದ ಸಿನಿಮಾ ಹಾಡುಗಳ ಇಪಿ (ಚಿಕ್ಕ ವಿನೈಲ್ ರೆಕಾರ್ಡ್). ಯಕ್ಷಗಾನದ ಕೆಲವು ಎಲ್‌ಪಿ.

ಹೀಗೆ 78, ವಿನೈಲ್ ಎರಡೂ ಒಂದೇ ಕಪಾಟಿನಲ್ಲಿರುವುದು ನಮ್ಮ ಕಡೆ ಹೊಸತೇನಲ್ಲ. ಅಮೆರಿಕದಲ್ಲಿ 1960ರ ಹೊತ್ತಿಗೆ 78 ಹೆಚ್ಚುಕಡಿಮೆ ನಿಂತೇ ಹೋಗಿತ್ತು. ನಮ್ಮಲ್ಲಿ ಆ ದಶಕದಲ್ಲೂ ಹೊಸ ಹಾಡು 78ರಲ್ಲಿ ಬರುತ್ತಿತ್ತು. ಹಾಗಾಗಿ ಹೊರದೇಶದವರ ವಿಡಿಯೋ ನೋಡಿ ಟರ್ನ್‌ಟೇಬಲ್ ಆರಿಸಲು ಹೊರಟರೆ ನಮಗೆ ಬೇಕಾದ ಪ್ರಶ್ನೆಯೇ ಅದರಲ್ಲಿ ಇರುವುದಿಲ್ಲ.

ಪೇಟೆಯ ಒಂದು ಅಂಗಡಿಗೆ ಹೋದೆವು. ಹೆಸರು ಬೇಡ. ಸೂಟ್‌ಕೇಸಿನಂಥ ಪೆಟ್ಟಿಗೆ, ಒಳಗೇ ಸ್ಪೀಕರ್, ಬ್ಲೂಟೂತ್, ನೋಡಲು ಚಂದ. ಅಪ್ಪ ಚೀಲದಲ್ಲಿ ಒಂದು 78, ಒಂದು ಎಲ್‌ಪಿ ಹಿಡಿದುಕೊಂಡೇ ಬಂದಿದ್ದರು. ಎರಡನ್ನೂ ತೋರಿಸಿ ನೇರವಾಗಿ ಕೇಳಿದರು: "ಇದೆರಡೂ ಇದರಲ್ಲಿ ಓಡ್ತದಾ?"

"ಎಂತ ಸರ್, 33, 45, 78 ಮೂರೂ ಉಂಟಲ್ಲ. ಎಲ್ಲ ಪ್ಲೇಟೂ ಓಡ್ತದೆ."

ಹುಡುಗ ಅಲ್ಲೇ 78 ಹಾಕಿ ತೋರಿಸಿದ. ಹಾಡಿತು. ಹಿಂದೆ ಸೊಯ್ಯೆನ್ನುವ ಸದ್ದು ಜಾಸ್ತಿ ಇತ್ತು. "ಹಳೆ ಪ್ಲೇಟಲ್ವಾ ಸರ್" ಎಂದ.

ಮನೆಗೆ ತಂದ ಮೇಲೆ ಮೊದಲ ತಕರಾರು ಬೇರೆಯೇ. ವಾಲ್ಯೂಮ್ ಏರಿಸಿದರೆ ಮುಳ್ಳು ಹಾರುತ್ತಿತ್ತು. ಸ್ಪೀಕರ್ ಅದೇ ಪೆಟ್ಟಿಗೆಯಲ್ಲಿದ್ದರೆ ಅದರ ಅದುರು ತಟ್ಟೆಗೂ ಮುಳ್ಳು ಹೊತ್ತ ಕೈಗೂ ಬರದೆ ಇರುತ್ತದಾ? ಅಂಗಡಿಗೆ ಒಯ್ದೆವು. ಅಲ್ಲಿನ ಮೆಕ್ಯಾನಿಕ್ ಡ್ರಾಯರ್ ಎಳೆದು ಒಂದು ರೂಪಾಯಿಯ ನಾಣ್ಯ ತೆಗೆದ. ಮುಳ್ಳಿನ ತಲೆಯ ಮೇಲೆ ಇಟ್ಟ. ಸೆಲ್ಲೋಟೇಪ್ ಹಲ್ಲಿನಲ್ಲಿ ಕಚ್ಚಿ ಹರಿದು ಅಂಟಿಸಿದ, ಮೇಲಿಂದ ಹೆಬ್ಬೆರಳಿನಲ್ಲಿ ಒತ್ತಿದ. "ಇನ್ನು ಹಾರುವುದಿಲ್ಲ ನೋಡಿ." ಹಾರಲಿಲ್ಲ, ನಿಜ. ಆದರೆ ಆ ನಾಣ್ಯದ ತೂಕ ಹೆಚ್ಚುಕಡಿಮೆ ನಾಲ್ಕು ಗ್ರಾಂ. ಇಂಥ ಪೆಟ್ಟಿಗೆಗಳ ಮುಳ್ಳು ಮೊದಲೇ ಐದು ಗ್ರಾಂ ಆಸುಪಾಸಿನ ಭಾರ ಹೇರುತ್ತದೆ. ಒಳ್ಳೆಯ ಮ್ಯಾಗ್ನೆಟಿಕ್ ಕಾರ್ಟ್ರಿಡ್ಜ್‌ಗೆ (ಮುಳ್ಳು ಕೂರುವ ತಲೆ) ಸಾಕಾಗುವುದು ಎರಡು ಗ್ರಾಂ. ಯಾವ ಅಂಗಡಿಯವರಾದರೂ ನಾಣ್ಯಕ್ಕೆ ಕೈ ಹಾಕಿದರೆ ಪೆಟ್ಟಿಗೆ ಅಲ್ಲೇ ಬಿಟ್ಟು ಬನ್ನಿ.

ಅಪ್ಪ ಮೊದಲು ಅಜ್ಜನ 78ಗಳನ್ನೇ ಕೇಳಿದರು, ದಿನಾ ಸಂಜೆ. ಅದು ಮುಗಿದು ಯಕ್ಷಗಾನದ ಎಲ್‌ಪಿಗೆ ಬಂದಾಗ ಗೊತ್ತಾಯಿತು. ಭಾಗವತರು ಸ್ವರ ಏರಿಸಿದಲ್ಲೆಲ್ಲ ಕರಕರ. ಚೆಂಡೆಯ ಪೆಟ್ಟಿನ ಸುತ್ತ ಒಡಕು. ಬೇರೆ ಎಲ್‌ಪಿ ಹಾಕಿದರೂ ಅದೇ. ಬಿಜೈಯಲ್ಲಿ ಗೆಳೆಯನ ಮನೆಯಲ್ಲಿ ಒಳ್ಳೆಯ ಟರ್ನ್‌ಟೇಬಲ್ ಇದೆ, ಅಲ್ಲಿಗೆ ಒಯ್ದು ಹಾಕಿದರೂ ಅದೇ ಕರಕರ. ಅಂದರೆ ಸದ್ದು ಪೆಟ್ಟಿಗೆಯದ್ದಲ್ಲ, ರೆಕಾರ್ಡಿನ ಗೀರಿಗೇ, ಅಂದರೆ ಮುಳ್ಳು ಓಡುವ ಸಾಲಿಗೇ, ಏಟು ಬಿದ್ದಿದೆ. ನಮ್ಮ ಪೆಟ್ಟಿಗೆಯ ಮುಳ್ಳನ್ನು ಅವನು ಭೂತಗನ್ನಡಿಯಲ್ಲಿ ತೋರಿಸಿದ. ಉರುಟಾಗಿರಬೇಕಾದ ತುದಿ ಎರಡೂ ಕಡೆ ಸವೆದು ಉಳಿಯ ಬಾಯಿಯಂತಾಗಿತ್ತು.

ಇದು ಆದದ್ದು ಹೀಗೆ. 78ರ ಗೀರು ಅಗಲ, ಎಲ್‌ಪಿಯದ್ದು ಸಪೂರ. 78ಕ್ಕೆ ಬೇಕಾದ ಮುಳ್ಳಿನ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್. ಎಲ್‌ಪಿಯದ್ದು 18ರ ಹತ್ತಿರ. ಎಲ್‌ಪಿಯ ಮುಳ್ಳನ್ನು 78ರಲ್ಲಿ ಇಳಿಸಿದರೆ ಅದು ಗೋಡೆಗಳಿಗೆ ಸರಿಯಾಗಿ ತಾಗದೆ ತಳದ ಕಸದಲ್ಲಿ ಉಜ್ಜಿಕೊಂಡು ಹೋಗುತ್ತದೆ. ಅಂಗಡಿಯಲ್ಲಿ ಕೇಳಿದ ಸೊಯ್ ಸದ್ದು ಅದೇ. ಇನ್ನೊಂದು ವಿಷಯ: 78ರ ಪ್ಲೇಟು ವಿನೈಲ್ ಅಲ್ಲ, ಅರಗು. ಜೊತೆಗೆ ಕಲ್ಲಿನ ಪುಡಿ ಬೆರೆಸಿರುತ್ತಾರೆ. ಕೀ ಕೊಡುವ ಗ್ರಾಮಫೋನಿನ ಕಾಲದಲ್ಲಿ ಉಕ್ಕಿನ ಮುಳ್ಳು ಗೀರಿನ ಆಕಾರಕ್ಕೆ ತೇಯಲಿ ಎಂದೇ ಆ ಪುಡಿ. ಒಂದು ಬದಿ ಮುಗಿದರೆ ಮುಳ್ಳು ಬಿಸಾಡಿ ಹೊಸತು ಹಾಕುತ್ತಿದ್ದರು. ಅಂಥ ಪ್ಲೇಟಿನ ಮೇಲೆ ಈ ಪೆಟ್ಟಿಗೆಯ ಅಗ್ಗದ ಸಫೈರ್ ಮುಳ್ಳು, ಮೇಲೆ ಒಂದು ರೂಪಾಯಿ! ತೇದು ಚೂಪಾದ ಆ ಮುಳ್ಳೇ ಆಮೇಲೆ ಎಲ್‌ಪಿಯ ಮೆತ್ತನೆ ಗೀರಿಗೆ ಇಳಿಯಿತು.

ನಮ್ಮ ಹಳೆಯ ಪ್ಲೇಯರಿನಲ್ಲಿ ಕೈಯ ತುದಿಗೆ ಒಂದು ಪುಟ್ಟ ಕಡ್ಡಿ ಇತ್ತು. ತಿರುಗಿಸಿದರೆ ಒಂದು ಕಡೆ 78ರ ಮುಳ್ಳು, ಇನ್ನೊಂದು ಕಡೆ ಎಲ್‌ಪಿಯದ್ದು. ಅಪ್ಪ ಪ್ಲೇಟು ಬದಲಿಸುವಾಗ ಬೆರಳಲ್ಲಿ ಅದನ್ನು ತಿರುಗಿಸುತ್ತಿದ್ದರು. ಹೊಸ ಪೆಟ್ಟಿಗೆ ಮಾಡಿದವರು ವೇಗದ ಸ್ವಿಚ್ಚಿನಲ್ಲಿ 78 ಉಳಿಸಿದ್ದಾರೆ, ಆ ಕಡ್ಡಿಯನ್ನು ಬಿಟ್ಟಿದ್ದಾರೆ. 78ಕ್ಕೆ ಮುಳ್ಳು ಬೇರೆ ಬೇಕು ಎಂದು ಜೊತೆಗೆ ಬಂದ ಪುಸ್ತಕದಲ್ಲಿ ಒಂದು ಸಾಲೂ ಇಲ್ಲ.

ಸೂಟ್‌ಕೇಸ್ ಪ್ಲೇಯರ್ ಒಂದೇ ಸಲಕ್ಕೆ ರೆಕಾರ್ಡ್ ಕೆರೆದು ಹಾಕುತ್ತದೆ ಎಂದು ಹೆದರಿಸುವವರೂ ಇದ್ದಾರೆ. ಅದು ಅತಿಯಾಯಿತು. ನಮ್ಮ ಎಚ್‌ಎಂವಿಯ ಕೈಯೇನೂ ಹಗುರ ಇರಲಿಲ್ಲ, ಆದರೂ ರೆಕಾರ್ಡ್ ಉಳಿದಿದ್ದವು. ಹಾಳು ಮಾಡುವುದು ತಪ್ಪು ಮುಳ್ಳು, ಸವೆದ ಮುಳ್ಳು, ಅದರ ಮೇಲೆ ಹೇರಿದ ಭಾರ.

ವೇಗವೂ ಸರಿ ಇರಲಿಲ್ಲ, ಅದು ತಪ್ಪಿದರೆ ಹಾಡಿನ ಶ್ರುತಿಯೂ ತಪ್ಪುತ್ತದೆ. ಅಪ್ಪ ಹಾರ್ಮೋನಿಯಂ ಮುಂದಿಟ್ಟುಕೊಂಡು "ಇದು ಕಪ್ಪು ಎರಡೂ ಅಲ್ಲ, ಬಿಳಿ ಮೂರೂ ಅಲ್ಲ, ನಡುವೆ ಎಲ್ಲೋ ಉಂಟು" ಎಂದರು. ಇದನ್ನು ಅಂಗಡಿಯಲ್ಲೇ ನೋಡಬಹುದು. ಎಲ್‌ಪಿಯ ಅಂಚಿಗೆ ಕಾಗದದ ಚೂರು ಸಿಕ್ಕಿಸಿ ಮೊಬೈಲಿನಲ್ಲಿ ಟೈಮ್ ಇಟ್ಟು ಎಣಿಸಿ. ಮೂರು ನಿಮಿಷಕ್ಕೆ ಸರಿಯಾಗಿ 100 ಸುತ್ತು ಬರಬೇಕು. ನಮ್ಮದರಲ್ಲಿ ಮೂರ್ನಾಲ್ಕು ಸುತ್ತು ಜಾಸ್ತಿ ಬಂತು.

ಅಂಗಡಿಯವರು ಹಣ ವಾಪಸ್ ಕೊಡಲಿಲ್ಲ. ಮುಳ್ಳಿಗೆ ವಾರಂಟಿ ಇಲ್ಲವಂತೆ. ಅದೇ ಕೆಂಪು ಮುಳ್ಳಿನ ಒಂದು ಪ್ಯಾಕೆಟ್ ಪುಕ್ಕಟೆ ಕೊಟ್ಟು ಕಳಿಸಿದರು.

ನೀವು ಹೋದಾಗ ಬಣ್ಣ, ಬ್ಲೂಟೂತ್ ಎಲ್ಲ ಆಮೇಲೆ. ಮುಳ್ಳಿನ ನಂಬರ್ ಎಷ್ಟು, 78ಕ್ಕೆ ಬೇರೆ ಮುಳ್ಳು ಸಿಗುತ್ತದಾ, ಕೈಯ ಹಿಂದೆ ತಿರುಗಿಸಿ ಭಾರ ಹೊಂದಿಸುವ ತೂಕ ಇದೆಯಾ ಎಂದು ಮೊದಲು ಕೇಳಿ. ಬರೀ ಎಲ್‌ಪಿ, ಇಪಿ ಇರುವವರಿಗೆ ಆಡಿಯೋ ಟೆಕ್ನಿಕಾದ ಎಲ್‌ಪಿ60ಎಕ್ಸ್ ಸಾಕು. ಅದರಲ್ಲಿ ಭಾರ ಹೊಂದಿಸಲು ಆಗುವುದಿಲ್ಲ, 78ರ ವೇಗವೂ ಇಲ್ಲ. ಇಲ್ಲದ್ದನ್ನು ಇದೆ ಎನ್ನುವುದಿಲ್ಲವಲ್ಲ, ಅದೇ ಸಮಾಧಾನ. 78 ಇದ್ದವರಿಗೆ ಅದೇ ಕಂಪನಿಯ ಎಲ್‌ಪಿ120ಎಕ್ಸ್ ಥರದ್ದು ಬೇಕು. ಅದರ ವಿಎಂ95 ಸರಣಿಯ ಕಾರ್ಟ್ರಿಡ್ಜ್‌ಗೆ 78ರ ಮುಳ್ಳು ಬೇರೆಯಾಗಿ ಸಿಗುತ್ತದೆ. ದುಬಾರಿಯೇ, ಇಲ್ಲ ಅನ್ನುವುದಿಲ್ಲ. ಎರಡರಲ್ಲೂ ಫೋನೋ ಪ್ರಿಆ್ಯಂಪ್ (ಮುಳ್ಳಿನಿಂದ ಬರುವ ಸಣ್ಣ ಸದ್ದನ್ನು ಏರಿಸಿ ಕೊಡುವ ಭಾಗ) ಒಳಗೇ ಇದೆ. ಅದಿಲ್ಲದ ಟರ್ನ್‌ಟೇಬಲ್ ತಂದು ಹೋಮ್ ಥಿಯೇಟರಿನ ಆಕ್ಸ್‌ಗೆ ಹಾಕಿದರೆ ಸ್ವರ ಸೊಳ್ಳೆಯಷ್ಟೂ ಬರುವುದಿಲ್ಲ.

ಅಮೆರಿಕದಿಂದಲೋ ಸೌದಿಯಿಂದಲೋ ನೆಂಟರು ಹಳೆಯ ಟರ್ನ್‌ಟೇಬಲ್ ತರುತ್ತೇನೆ ಎಂದರೆ ಹೂಂ ಅನ್ನುವ ಮುಂಚೆ ಮೋಟಾರ್ ಯಾವುದು ಕೇಳಿ. ಅಲ್ಲಿನ ಕರೆಂಟು 60 ಹರ್ಟ್ಸ್, ನಮ್ಮದು 50. ನೇರ ಎಸಿಯಲ್ಲಿ ಓಡುವ ಮೋಟಾರ್ ಆದರೆ ಟ್ರಾನ್ಸ್‌ಫಾರ್ಮರ್ ಇಟ್ಟರೂ ಇಲ್ಲಿ ನಿಧಾನವಾಗಿಯೇ ತಿರುಗುತ್ತದೆ.

ಸೂಟ್‌ಕೇಸ್ ಆಗಲೇ ಮನೆಗೆ ಬಂದಿದ್ದರೆ ಇವತ್ತೇ ನಾಣ್ಯ ಕಿತ್ತು ಹಾಕಿ, ಮುಳ್ಳು ಬದಲಿಸಿ, 78ನ್ನು ಅದರ ಹತ್ತಿರವೂ ತರಬೇಡಿ. ಮಳೆಗಾಲದ ಬೂಸಲು ಒರೆಸಲು ಸ್ಪಿರಿಟ್ ಬಳಸುವವರಿದ್ದರೆ 78ಕ್ಕೆ ಮಾತ್ರ ಬೇಡ, ಅರಗು ಕರಗುತ್ತದೆ.

ನಮ್ಮ ಎಚ್‌ಎಂವಿ ಇನ್ನೂ ಅಟ್ಟದಲ್ಲಿದೆ. ಮಂಗಳೂರು, ಉಡುಪಿ ಕಡೆ ಆ ಚಕ್ರಕ್ಕೆ ಹೊಸ ರಬ್ಬರ್ ಕೂರಿಸಿ ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.