ಅರ್ಧ ಟ್ಯಾಂಕ್ ನೀರು ಮತ್ತು ಹೊಸ ಡ್ರೈವರ್: ನಮ್ಮ ಕ್ಯಾಂಪರ್ ವ್ಯಾನ್, ಎರಡು ಮಳೆಗಾಲದ ನಂತರ

ಕ್ಯಾಂಪರ್ ವ್ಯಾನ್ ನೋಡಲು ಹೋದವರೆಲ್ಲ ಮೊದಲು ಹಾಸಿಗೆ ಒತ್ತಿ ನೋಡುತ್ತಾರೆ. ಆಮೇಲೆ ಒಲೆ, ಫ್ರಿಜ್, ಟಾಯ್ಲೆಟ್. ನೀರಿನ ಟ್ಯಾಂಕ್ ಎಲ್ಲಿ ಕೂರಿಸಿದ್ದೀರಿ, ಅದರೊಳಗೆ ಏನಿದೆ ಅಂತ ಕೇಳುವವರು ಕಡಿಮೆ. ದೊಡ್ಡ ಗಾಡಿ ಓಡಿಸಿ ರೂಢಿ ಇಲ್ಲದವರು ಮೊದಲು ಕೇಳಬೇಕಾದ್ದು ಅದನ್ನೇ. ಹಾಗಾಗಿ ಹಾಸಿಗೆ, ಒಲೆಗಳ ಬಗ್ಗೆ ಇಲ್ಲಿ ಜಾಸ್ತಿ ಬರೆಯುವುದಿಲ್ಲ.

ನಾವು ಧಾರವಾಡದವರು. ನಮ್ಮನೆಯವರಿಗೆ ಕಣ್ಣಿನ ತೊಂದರೆ ಇರುವುದರಿಂದ ಸ್ಟೇರಿಂಗ್ ನನ್ನ ಪಾಲಿಗೆ ಬಂತು. ಅದಕ್ಕೂ ಮೊದಲು ನಾನು ಓಡಿಸಿದ್ದು ಸ್ಕೂಟಿ ಮತ್ತು ಒಂದು ಚಿಕ್ಕ ಆಟೋಮ್ಯಾಟಿಕ್ ಕಾರು, ಅಷ್ಟೇ. ಗಾಡಿ ಸೆಕೆಂಡ್ ಹ್ಯಾಂಡ್. ಟಿಟಿ (ಟೆಂಪೊ ಟ್ರಾವೆಲರ್) ಅಂತ ಎಲ್ಲರೂ ಕರೆಯುವ ವ್ಯಾನಿನ ಸೀಟು ಕಿತ್ತು, ಒಳಗೆ ಮನೆ ಮಾಡಿದ್ದು. ನಮ್ಮ ಬಜೆಟ್ 14 ಲಕ್ಷ, ಅದರ ಮೇಲೆ ಒಂದು ರೂಪಾಯಿಯೂ ಇಲ್ಲ ಅಂತ ಮೊದಲೇ ಮಾತಾಡಿಕೊಂಡಿದ್ದೆವು. ಹೊಸದು ಮಾಡಿಸಲು ಕೇಳಿದರೆ ಇದರ ದುಪ್ಪಟ್ಟಿಗಿಂತ ಜಾಸ್ತಿ ಹೇಳಿದರು.

ಮೊದಲು ಖುಷಿಯ ವಿಷಯ. ಸೀಟಿನ ಎತ್ತರ! ಕಾರಿನಲ್ಲಿ ಕೂತಾಗ ಮುಂದಿನ ಗಾಡಿಯ ಡಿಕ್ಕಿ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ಇಲ್ಲಿ ಮೂರು ಗಾಡಿ ಆಚೆ ಯಾರು ಬ್ರೇಕ್ ಒತ್ತಿದರು ಅಂತ ತಿಳಿಯುತ್ತದೆ. ಹೊಲದ ಬದು, ಹತ್ತಿ ಗಿಡ, ದೂರದ ಕೆರೆ ಎಲ್ಲ ಕಾಣುತ್ತವೆ. ಹೊಸಬರಿಗೆ ಈ ಎತ್ತರವೇ ಅರ್ಧ ಧೈರ್ಯ. ದೊಡ್ಡ ಗಾಡಿ ಅಂದರೆ ಹೆದರಿಕೆ ಅಂತ ಹಿಂದೆ ಸರಿಯುವ ಹೆಣ್ಣುಮಕ್ಕಳಿಗೆ ನಾನು ಹೇಳುವುದು ಇಷ್ಟೇ, ಒಮ್ಮೆ ಹತ್ತಿ ಕೂತು ನೋಡಿ.

ಕಲಿಸಿದವರು ನಮ್ಮ ಓಣಿಯ ಕಾಕಾ. ವಾಯವ್ಯ ಸಾರಿಗೆಯಲ್ಲಿ ಬಸ್ ಓಡಿಸಿ ರಿಟೈರ್ ಆದವರು. ಡ್ರೈವಿಂಗ್ ಸ್ಕೂಲಿನವರು ಕಾರು ಕಲಿಸುತ್ತಾರೆ, ಲಾರಿ ಕಲಿಸುತ್ತಾರೆ, ನಡುವಿನ ಈ ಗಾತ್ರಕ್ಕೆ ಸಮಯ ಕೊಡುವವರು ನನಗಂತೂ ಸಿಗಲಿಲ್ಲ. ಕಾಕಾ ಮೊದಲ ದಿನ ಗಾಡಿ ಸ್ಟಾರ್ಟ್ ಮಾಡಲೂ ಬಿಡಲಿಲ್ಲ. ಟೇಪ್ ಹಿಡಿಸಿ ಉದ್ದ, ಅಗಲ, ಎತ್ತರ ಅಳೆಸಿದರು. ಸೋಲಾರ್ ಪ್ಯಾನೆಲ್ ಸೇರಿ ಎತ್ತರ 9 ಅಡಿ 4 ಅಂಗುಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆದು ಸ್ಟೇರಿಂಗ್ ಎದುರಿಗೆ ಅಂಟಿಸಿದ್ದೇನೆ. ರೈಲ್ವೆ ಕೆಳಸೇತುವೆ ಬಂದಾಗ, ಧಾರವಾಡದ ಹಳೇ ಮರಗಳ ಕೊಂಬೆ ರಸ್ತೆಗೆ ಬಾಗಿದಾಗ, ಹಳ್ಳಿಯಲ್ಲಿ ಕೇಬಲ್ ವೈರ್ ಜೋತಾಡುತ್ತಿದ್ದಾಗ ನೆನಪಿನ ಮೇಲೆ ನಂಬಿಕೆ ಇಡುವ ಹಾಗಿಲ್ಲ.

ಆಮೇಲೆ ಒಂದು ಭಾನುವಾರ ಬೆಳಿಗ್ಗೆ ಮನೆಯಿಂದ ರಂಗೋಲಿ ಪುಡಿ ತಾ ಅಂದರು. ಮನೆ ಏಳದ ಒಂದು ಲೇಔಟಿನ ಮೂಲೆಯಲ್ಲಿ, ಎಡಕ್ಕೆ ತಿರುಗುವ ಅಂಚಿಗೆ ಉದ್ದಕ್ಕೂ ಪುಡಿ ಉದುರಿಸಿದರು. ಬಲಗಡೆ, ಗಾಡಿಯ ಬಾಲದ ಪಕ್ಕಕ್ಕೆ, ಒಂದು ಖಾಲಿ ಪ್ಲಾಸ್ಟಿಕ್ ಕೊಡ ಇಟ್ಟರು. ತಿರುಗಿಸಿ ಇಳಿದು ನೋಡಿದರೆ ಮುಂದಿನ ಗಾಲಿ ಗೆರೆಯಿಂದ ಆಚೆಗೇ ಹೋಗಿದೆ. ಹಿಂದಿನ ಎಡಗಾಲಿ ಮಾತ್ರ ಗೆರೆ ತುಳಿದು ಒಂದು ಮೊಳ ಒಳಗೆ ಬಂದಿದೆ. ಟೈರಿನ ಹಲ್ಲಿನ ಗುರುತು ಬಿಳಿ ಪುಡಿಯಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಬಲಗಡೆ ಕೊಡ ಉರುಳಿ ಬಿದ್ದಿತ್ತು.

"ತಂಗಿ, ಮುಂದಿನ ಗಾಲಿ ನೀ ಹೇಳಿದಂಗ ಕೇಳ್ತೈತಿ. ಹಿಂದಿಂದು ತನ್ನ ದಾರಿ ತಾನ ಹಿಡಿತೈತಿ. ಕನ್ನಡ್ಯಾಗ ಅದನ್ನ ನೋಡೂದು ಕಲಿ" ಅಂದರು ಕಾಕಾ.

ಎಡಕ್ಕೆ ತಿರುಗಿಸಿದರೆ ಹಿಂದಿನ ಗಾಲಿ ಒಳಗೆ ಕತ್ತರಿಸುತ್ತದೆ, ಅದರ ಹಿಂದೆ ಉಳಿದ ಬಾಲ ಬಲಕ್ಕೆ ಬೀಸುತ್ತದೆ. ಪುಸ್ತಕದಲ್ಲಿ ಓದಿದರೆ ತಲೆಗೆ ಹೋಗದ ಮಾತು ಆ ಗೆರೆ ಮತ್ತು ಕೊಡದಿಂದ ಒಂದೇ ಬೆಳಿಗ್ಗೆ ಅರ್ಥವಾಯಿತು. ಮೂಲೆ ನನ್ನ ಭುಜದ ಸಮಕ್ಕೆ ಬಂದ ಮೇಲೂ ಒಂದಿಷ್ಟು ಮುಂದೆ ಹೋಗಿ ಆಮೇಲೆ ತಿರುಗಿಸಬೇಕು. ಕಲಿಯುವವರೆಲ್ಲ ಇದನ್ನು ಮಾಡಿ ನೋಡಿ. ಹತ್ತು ರೂಪಾಯಿಯ ರಂಗೋಲಿ ಪುಡಿ ಸಾಕು.

ಇಷ್ಟರವರೆಗೆ ಎಲ್ಲ ಚೆನ್ನಾಗಿತ್ತು. ತೊಂದರೆ ಶುರುವಾಗಿದ್ದು ಸಾಮಾನು ತುಂಬಿ, ನೀರು ಹಾಕಿ, ಹುಬ್ಬಳ್ಳಿ ಕಡೆ ಹೊರಟಾಗ.

ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಚಿಗರಿ ಬಸ್ಸಿಗೆ ನಡುವೆ ಬೇರೆ ದಾರಿ ಇದೆ. ಉಳಿದ ನಾವೆಲ್ಲ ಪಕ್ಕದ ಲೇನಿನಲ್ಲಿ. ಸಿಗ್ನಲ್ ಮೇಲೆ ಸಿಗ್ನಲ್. ಮೆಲ್ಲಗೆ ಬ್ರೇಕ್ ಒತ್ತಿದೆ, ಗಾಡಿ ನಿಂತಿತು. ನಿಂತ ಮೇಲೆ ಹಿಂದಿನಿಂದ ಒಂದು ನೂಕು! ಮತ್ತೆ ಹಿಂದಕ್ಕೆ ಎಳೆತ. ಇನ್ನೊಂದು ನೂಕು. ಉಣಕಲ್ ಹತ್ತಿರ ತಿರುವಿನಲ್ಲಿ ಗಾಡಿ ನೆಟ್ಟಗಾದ ಮೇಲೂ ಬಾಲ ಒಂದು ಕ್ಷಣ ಹೊಯ್ದಾಡಿತು. ಕ್ಲಚ್ ಸರಿಯಾಗಿ ಬಿಡುತ್ತಿದ್ದೇನಾ, ಬ್ರೇಕ್ ಕೆಟ್ಟಿದೆಯಾ ಅಂತ ಚಿಂತೆ ಹತ್ತಿತು.

"ಕಾಕಾ, ಯಾಕ ಹಿಂಗ ನೂಕ್ತೈತಿ?"

"ಇದು ಬ್ರೇಕಿಂದಲ್ಲ ತಂಗಿ, ನೀರಿಂದು. ಟಾಕಿ ಅರ್ಧ ಐತಿ. ತುಂಬಿದ ಕೊಡ ತುಳುಕೂದಿಲ್ಲ ಅಂತ ಕೇಳಿಲ್ಲೇನು?"

ಟ್ಯಾಂಕ್ 150 ಲೀಟರಿನದು. ಪ್ಲಾಸ್ಟಿಕ್, ಉದ್ದಕ್ಕೆ ಮಲಗಿಸಿದ್ದು, ಒಳಗೆ ಒಂದು ಅಡ್ಡ ತಡೆಯೂ ಇಲ್ಲ. ಅದನ್ನು ಕೂರಿಸಿದ್ದು ಹಿಂದಿನ ಆಕ್ಸಲ್‌ನ (ಗಾಲಿಗಳ ಅಚ್ಚಿನ) ಹಿಂದೆ, ಎಡಗಡೆ ಗೋಡೆಗೆ ಒತ್ತಿ. ಒಂದು ಲೀಟರ್ ನೀರು ಅಂದರೆ ಒಂದು ಕೆಜಿ. ಅರ್ಧ ಟ್ಯಾಂಕ್ ಅಂದರೆ 75 ಕೆಜಿ. ಒಬ್ಬ ದೊಡ್ಡ ಮನುಷ್ಯ ಗಾಡಿಯೊಳಗೆ ಸುಮ್ನೆ ಹಿಂದೆ ಮುಂದೆ ಓಡಾಡಿದ ಹಾಗೆ. ತುಂಬಿದ್ದರೆ ನೀರಿಗೆ ಅಲುಗಾಡಲು ಜಾಗವಿಲ್ಲ, ಖಾಲಿ ಇದ್ದರೆ ಭಾರವಿಲ್ಲ. ಅರ್ಧವೇ ಕೆಟ್ಟದ್ದು. ಮೇಲಾಗಿ ಭಾರ ಆಕ್ಸಲ್‌ನ ಹಿಂದೆ ಬಿದ್ದರೆ ಗಾಡಿಯ ಮುಂಭಾಗ ಹಗುರಾಗುತ್ತದೆ, ಸ್ಟೇರಿಂಗ್ ಹಿಡಿತ ಸಡಿಲ ಅನಿಸುತ್ತದೆ. ಹಳೇ ಡ್ರೈವರುಗಳ ಕೈ ತಾನಾಗಿ ಸರಿಮಾಡಿಕೊಳ್ಳುತ್ತದೆ. ಹೊಸಬರಿಗೆ ಯಾವುದು ಗಾಡಿಯ ಗುಣ, ಯಾವುದು ನೀರಿನ ಆಟ ಅಂತ ಬೇರೆ ಮಾಡಿ ತಿಳಿಯುವುದಾದರೂ ಹೇಗೆ?

ಯಾವಾಗಲೂ ಪೂರ್ತಿ ತುಂಬಿಸಿಕೊಂಡು ಹೋಗಿ ಅನ್ನಬಹುದು. ನಮ್ಮ ಊರಿನಲ್ಲಿ ಅದು ಸುಲಭವಲ್ಲ. ಮಲಪ್ರಭೆಯ ನೀರು ಸವದತ್ತಿ ಕಡೆಯಿಂದ ಬರಬೇಕು. ನಮ್ಮ ಏರಿಯಾದಲ್ಲಿ ನಳ ದಿನಾ ಬರುವುದಿಲ್ಲ. ನಳ ಬಂದ ದಿನ ಮನೆಯ ಟಾಕಿ ಮೊದಲು, ವ್ಯಾನು ಆಮೇಲೆ. ತುಂಬಿಸಿಕೊಂಡು ಹೊರಟರೂ ಎರಡನೇ ದಿನಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ಪ್ರವಾಸದ ಬಹುಪಾಲು ನಾನು ಓಡಿಸುತ್ತಿದ್ದುದು ಅರ್ಧ ಟ್ಯಾಂಕಿನಲ್ಲೇ.

ಒಳಗಿನ ಕೆಲಸ ಮಾಡಿದ ವರ್ಕ್‌ಶಾಪಿಗೆ ಫೋನ್ ಮಾಡಿದೆ. ಹೆಸರು ಬರೆಯುವುದಿಲ್ಲ. "ಎಲ್ಲರಿಗೂ ಹೀಗೇ ಕೊಟ್ಟಿದ್ದೇವೆ ಮೇಡಂ, ಯಾರೂ ಕಂಪ್ಲೇಂಟ್ ಮಾಡಿಲ್ಲ" ಅಂದರು. ಎರಡನೇ ಸಲ ಕೇಳಿದಾಗ "ಒಬ್ಬ ಒಳ್ಳೆ ಡ್ರೈವರ್ ಇಟ್ಟುಕೊಳ್ಳಿ" ಅಂದರು. ಆ ಮಾತು ಇವತ್ತಿಗೂ ಸಿಟ್ಟು ತರಿಸುತ್ತದೆ. ಬೀರುಗಳಿಗೆ ಮೆತ್ತಗೆ ಮುಚ್ಚುವ ಹಿಂಜು ಹಾಕಿದ್ದಾರೆ, ಹಾಸಿಗೆ ಕೆಳಗೆ ನೀಲಿ ಲೈಟು ಬಿಟ್ಟಿದ್ದಾರೆ. ಟ್ಯಾಂಕಿನೊಳಗೆ ಎರಡು ತಡೆ ಹಾಕಲು ಎಷ್ಟು ಖರ್ಚಾಗುತ್ತಿತ್ತು? ಗಾಡಿಯ ಮಾಲೀಕರೇ ಓಡಿಸುತ್ತಾರೆ, ಅದರಲ್ಲೂ ಒಬ್ಬ ಹೆಂಗಸು ಓಡಿಸುತ್ತಾಳೆ ಅನ್ನುವುದು ಇವರ ಲೆಕ್ಕದಲ್ಲೇ ಇಲ್ಲ.

ಟ್ಯಾಂಕ್ ಸರಿಹೋಗುವ ತನಕ ನಾನು ಹುಬ್ಬಳ್ಳಿ-ಧಾರವಾಡ ಬೈಪಾಸ್‌ಗೆ ಹೋಗಲಿಲ್ಲ. ಗಬ್ಬೂರಿನಿಂದ ನರೇಂದ್ರದವರೆಗಿನ ಆ ರಸ್ತೆ ಆಗ ನಡುವೆ ಡಿವೈಡರ್ ಇಲ್ಲದ ಎರಡೇ ಲೇನಿನದಾಗಿತ್ತು ಅಂತ ಇಲ್ಲಿಯವರಿಗೆಲ್ಲ ಗೊತ್ತು. 2021ರ ಜನವರಿಯಲ್ಲಿ ಇಟ್ಟಿಗಟ್ಟಿ ಹತ್ತಿರ, ಗೋವಾಕ್ಕೆ ಹೊರಟಿದ್ದ ದಾವಣಗೆರೆಯ ಹೆಣ್ಣುಮಕ್ಕಳ ಮಿನಿ ಬಸ್ಸಿಗೂ ಟಿಪ್ಪರಿಗೂ ಡಿಕ್ಕಿಯಾಗಿ ಹತ್ತಕ್ಕೂ ಹೆಚ್ಚು ಜನ ಹೋದರು. ನಮ್ಮ ಗಾಡಿಯೂ ಅದೇ ಗಾತ್ರದ್ದು. ಆ ರಸ್ತೆಯಲ್ಲಿ ಎದುರಿನಿಂದ ಲಾರಿ ಬರುವಾಗ ನನ್ನ ಗಾಡಿಯ ಬಾಲ ನನ್ನ ಮಾತು ಕೇಳಬೇಕಿತ್ತು.

ಕೊನೆಗೆ ಗೋಕುಲ ರೋಡ್ ಕಡೆ ಒಬ್ಬ ಫ್ಯಾಬ್ರಿಕೇಟರ್ ಸಿಕ್ಕರು. ಕಾಕಾ ಮಾತಾಡಿಸಿದ್ದು. ಅವರು ಗಾಡಿಯ ಕೆಳಗೆ ತೂರಿ ನೋಡಿ, ಹಳೇ ಟ್ಯಾಂಕ್ ತೆಗೆದೇಬಿಟ್ಟರು. ಬದಲಿಗೆ ಸ್ಟೀಲಿನ ಎರಡು ಟ್ಯಾಂಕ್, ಒಂದೊಂದು 60 ಲೀಟರಿನದು, ಹಿಂದಿನ ಆಕ್ಸಲ್‌ಗಿಂತ ಮುಂದೆ, ಎಡಕ್ಕೊಂದು ಬಲಕ್ಕೊಂದು. ಒಳಗೆ ತೂತು ಕೊರೆದ ತಗಡು ಅಡ್ಡ ನಿಲ್ಲಿಸಿ ವೆಲ್ಡ್ ಮಾಡಿದರು. ನೀರು ತೂತಿನಲ್ಲಿ ನಿಧಾನವಾಗಿ ಹಾಯುತ್ತದೆ, ಒಮ್ಮೆಲೇ ನುಗ್ಗುವುದಿಲ್ಲ. ಡೀಸೆಲ್ ಟ್ಯಾಂಕರಿನ ಒಳಗೂ ಹೀಗೇ ತಡೆ ಇರುತ್ತದಂತೆ. ನಡುವೆ ಒಂದು ಕವಾಟ. ಒಂದು ಟ್ಯಾಂಕ್ ಪೂರ್ತಿ ಖಾಲಿ ಮಾಡಿ ಇನ್ನೊಂದಕ್ಕೆ ಕೈ ಹಾಕಬಹುದು. ಕೂರಿಸಿದ್ದೂ ಸೇರಿ 22 ಸಾವಿರ. 30 ಲೀಟರ್ ನೀರು ಕಮ್ಮಿ ಆಯಿತು, ಆಗಲಿ. ಒಂದೇ ತಾಪತ್ರಯ, ತಗಡುಗಳ ನಡುವೆ ತೊಳೆಯುವುದು ಕಷ್ಟ. ಹಾಗಾಗಿ ಪ್ರತಿ ಭಾಗಕ್ಕೂ ಕೈ ಹೋಗುವಷ್ಟು ಮುಚ್ಚಳ ಇಡಿಸಿಕೊಳ್ಳಿ.

ಅದಾದ ಮೇಲೆ ಇದು ಬೇರೆಯೇ ಗಾಡಿ. ಅದೇ ಸಿಗ್ನಲ್, ಅದೇ ಬ್ರೇಕ್. ನಿಂತರೆ ನಿಂತಿತು, ಅಷ್ಟೇ! ಅರಬೈಲ್ ಘಾಟಿನಲ್ಲಿ ಎರಡನೇ ಗೇರಿನಲ್ಲಿ ಎಂಜಿನ್ನಿಗೇ ಗಾಡಿ ಹಿಡಿಯಲು ಬಿಟ್ಟು, ಬ್ರೇಕಿನ ಮೇಲೆ ಕಾಲು ಆಗಾಗ ಮಾತ್ರ ಇಟ್ಟು ಇಳಿಸಿದೆ. ಪಕ್ಕದಲ್ಲಿ ಕೂತ ಕಾಕಾ ಎಲೆ ಅಡಿಕೆ ಹಾಕಿಕೊಂಡು ಕಿಟಕಿ ಆಚೆ ನೋಡುತ್ತಿದ್ದರು. ನನಗೆ ಸಿಕ್ಕ ದೊಡ್ಡ ಸರ್ಟಿಫಿಕೇಟ್ ಅದು.

ಈಗ ನನಗೆ ಬಹಳ ಇಷ್ಟವಾದದ್ದು, ಹೊರಡುವ ಮುಂಚಿನ ಒಂದು ಸುತ್ತು. ಗ್ಯಾಸಿನ ಕಿವಿ ತಿರುಗಿಸಿ ಮುಚ್ಚುವುದು. ಬೀರುವಿನ ಚಿಲಕ ಒಂದೊಂದೇ ಒತ್ತಿ ನೋಡುವುದು. ಮೇಲಿನ ಕಿಂಡಿ ಇಳಿಸುವುದು. ಮೆಟ್ಟಿಲು ಒಳಗೆ ಎಳೆಯುವುದು. ಕೆಳಗೆ ಇಳಿದು ಟೈರಿಗೆ ಕೈ ಆನಿಸುವುದು. ಟ್ಯಾಂಕಿನ ಪಕ್ಕ ಪಾರದರ್ಶಕ ಪೈಪ್ ಇದೆ, ಅದರ ಮೇಲೆ ಕೆಂಪು ನೇಲ್ ಪಾಲಿಶ್‌ನಲ್ಲಿ ಗೆರೆ ಹಾಕಿದ್ದೇನೆ. ನೀರು ಯಾವ ಗೆರೆಗಿದೆ ನೋಡಿ, ಯಾವ ಟ್ಯಾಂಕಿನಿಂದ ಬಳಸಬೇಕು ಅಂತ ನಮ್ಮನೆಯವರಿಗೆ ಹೇಳಿ, ಆಮೇಲೆ ಸೀಟು ಹತ್ತುತ್ತೇನೆ.

ನೀರಿನ ಲೆಕ್ಕ ಅಡುಗೆಯನ್ನೂ ಬದಲಿಸಿದೆ. ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಮೊಸರು. ಸಂಜೆಗೆ ಗಿರ್ಮಿಟ್ಟು, ಅದರ ಗೊಜ್ಜು ಮನೆಯಲ್ಲೇ ಮಾಡಿ ಡಬ್ಬಿಗೆ ಹಾಕಿಕೊಂಡು ಬರುತ್ತೇನೆ. ತೊಳೆಯುವ ಪಾತ್ರೆ ಎರಡೋ ಮೂರೋ. ಇಬ್ಬರಿಗೆ ದಿನಕ್ಕೆ 30ರಿಂದ 40 ಲೀಟರ್ ಸಾಕಾಗುತ್ತದೆ.

ಚಳಿಗಾಲದಲ್ಲಿ ಗದಗ ಜಿಲ್ಲೆಯ ಮಾಗಡಿ ಕೆರೆಗೆ ಹೋಗಿದ್ದೆವು. 2024ರಲ್ಲಿ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಕೆರೆ. ರಾತ್ರಿ ಲಕ್ಷ್ಮೇಶ್ವರದಲ್ಲಿ ಬಂಕಿನವರನ್ನು ಕೇಳಿ ಅವರ ಅಂಗಳದಲ್ಲಿ ಮಲಗಿ, ನಸುಕಿನಲ್ಲಿ ಹೊರಟೆವು. ಪಟ್ಟೆತಲೆ ಹೆಬ್ಬಾತುಗಳು ರಾತ್ರಿಯೆಲ್ಲ ಹೊಲದಲ್ಲಿ ಮೇಯ್ದು ಬೆಳಿಗ್ಗೆ ಕೆರೆಗೆ ವಾಪಸ್ ಬರುತ್ತವೆ. ವ್ಯಾನಿನ ಪಕ್ಕದ ಬಾಗಿಲು ಪೂರ್ತಿ ಸರಿಸಿ, ಶುಂಠಿ ಜಜ್ಜಿ ಚಹಾಕ್ಕಿಟ್ಟೆ. ಚಹಾ ಕುದಿಯುವಷ್ಟರಲ್ಲಿ ಹಿಂಡು ಹಿಂಡಾಗಿ ಕೂಗುತ್ತ ಬಂದವು. ಕಾರಿನಲ್ಲಿ ಹೋಗಿದ್ದರೆ ಆ ಹೊತ್ತಿಗೆ ನಾವಿನ್ನೂ ಅಣ್ಣಿಗೇರಿಯನ್ನೂ ದಾಟಿರುತ್ತಿರಲಿಲ್ಲ. ಇಂಥ ಬೆಳಗು ಸಿಗುತ್ತದೆ ಅಂದರೆ 14 ಲಕ್ಷ ಜಾಸ್ತಿ ಅಲ್ಲ ಅಂತ ನನ್ನ ಅಭಿಪ್ರಾಯ.

ಆ ಕಡೆ ಹೋಗುವವರಿಗೆ ಎರಡು ಮಾತು. ಗದಗಿನ ಸುತ್ತ ಗಾಳಿ ಜೋರು, ಅಲ್ಲಿ ವಿಂಡ್‌ಮಿಲ್ ಸುಮ್ನೆ ನಿಲ್ಲಿಸಿಲ್ಲ. ಎತ್ತರದ ಗಾಡಿಗೆ ಪಕ್ಕದಿಂದ ಹೊಡೆಯುತ್ತದೆ. ಲಾರಿ ಪಕ್ಕಕ್ಕೆ ಬಂದಾಗ ಗಾಳಿ ಮರೆಯಾಗಿ, ಅದು ದಾಟಿದ ಕೂಡಲೇ ಮತ್ತೆ ಬಡಿಯುತ್ತದೆ. ಎರಡೂ ಕೈ ಸ್ಟೇರಿಂಗ್ ಮೇಲಿರಲಿ, 60ರ ಮೇಲೆ ಬೇಡ. ಇನ್ನೊಂದು, ಮಳೆ ಬಿದ್ದ ಮೇಲೆ ಎರೆ ಭೂಮಿಗೆ ಗಾಲಿ ಇಳಿಸಬೇಡಿ. ಟಾರು ಬಿಟ್ಟು ಎರಡು ಮಾರು ಒಳಗೆ ಹೋದರೂ ಎಳೆಯಲು ಟ್ರ್ಯಾಕ್ಟರ್ ಬೇಕು.

ಕಾಗದಪತ್ರ ಬೇಗ ಹೇಳಿಬಿಡುತ್ತೇನೆ. ಒಟ್ಟು ಭಾರ 7,500 ಕೆಜಿ ಮೀರದ ಗಾಡಿಗೆ ಕಾರಿನ ಎಲ್‌ಎಂವಿ (ಲಘು ಮೋಟಾರು ವಾಹನ) ಲೈಸೆನ್ಸ್ ನಡೆಯುತ್ತದೆ. 2024ರ ನವೆಂಬರಿನಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವೂ ಎಲ್‌ಎಂವಿಯ ಈ ಮಿತಿಯನ್ನು ಎತ್ತಿಹಿಡಿದಿದೆ. ಸೆಕೆಂಡ್ ಹ್ಯಾಂಡ್ ತಗೊಳ್ಳುವವರು ಆರ್‌ಸಿಯಲ್ಲಿ ಒಳಗಿನ ಬದಲಾವಣೆ ದಾಖಲಾಗಿದೆಯಾ ನೋಡಿ. ಇಲ್ಲದಿದ್ದರೆ ಇನ್ಶೂರೆನ್ಸ್ ಹೊತ್ತಿಗೆ ತಕರಾರು ಬರುತ್ತದೆ. ಟೆಸ್ಟ್ ಡ್ರೈವ್ ಕೊಡುವಾಗ ಟ್ಯಾಂಕ್ ಖಾಲಿ ಇಟ್ಟಿರುತ್ತಾರೆ. ಅರ್ಧ ತುಂಬಿಸಿ ಅಂತ ಹಟ ಹಿಡಿಯಿರಿ. ಖಾಲಿ ರಸ್ತೆಯಲ್ಲಿ 30ರ ವೇಗದಲ್ಲಿ ಹೋಗಿ ಬ್ರೇಕ್ ಒತ್ತಿ, ನಿಂತ ಮೇಲೆ ಹಿಂದಿನಿಂದ ನೂಕಿದರೆ ನನ್ನ 22 ಸಾವಿರವನ್ನು ಅವರು ಹೇಳಿದ ಬೆಲೆಯಲ್ಲಿ ಕಳೆಯಿರಿ.

ನನ್ನ ಗಾಡಿಯಲ್ಲಿ ಇನ್ನು ಉಳಿದಿರುವುದು ಹಿಂದಿನ ಕ್ಯಾಮೆರಾ. ಬಟ್ಟೆಯ ಬೀರು ಹಿಂದಿನ ಗಾಜನ್ನು ಮುಚ್ಚಿರುವುದರಿಂದ ಅದೇ ಗತಿ, ಆದರೆ ಬಿಸಿಲಿನಲ್ಲಿ ಪರದೆ ಕಾಣುವುದೇ ಇಲ್ಲ, ಧೂಳು ಕೂತರಂತೂ ಮುಗಿಯಿತು. ಸದ್ಯಕ್ಕೆ ರಿವರ್ಸ್ ಹಾಕುವಾಗ ನಮ್ಮನೆಯವರು ಇಳಿದು, ಬಲಗಡೆ ಕನ್ನಡಿಯಲ್ಲಿ ನನಗೆ ಕಾಣುವ ಜಾಗದಲ್ಲೇ ನಿಂತು ಕೈ ತೋರಿಸುತ್ತಾರೆ. ಬಿಸಿಲಿಗೂ ಧೂಳಿಗೂ ತಡೆಯುವ ಕ್ಯಾಮೆರಾ ಹತ್ತು ಸಾವಿರದ ಒಳಗೆ ಯಾರಾದರೂ ಹಾಕಿಸಿದ್ದರೆ, ಯಾವುದು ಅಂತ ದಯವಿಟ್ಟು ತಿಳಿಸಿ.