ಫೋಲ್ಡರ್ ಬೇಡ ಅಂದರೆ ಇಗ್ನೋರ್ ಆದ ಫೈಲ್ ಉಳಿಯುತ್ತದಾ? ನಾಲ್ಕು ದಾರಿ ಹಚ್ಚಿ ನೋಡಿದ್ದು

ತುಮಕೂರಿನಲ್ಲಿ ನಮ್ಮದು ಸಣ್ಣ ತಂಡ. ತಿಪಟೂರಿನ ಕೊಬ್ಬರಿ ವ್ಯಾಪಾರಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಸರ್ವರ್, ಮೊಬೈಲ್ ಆ್ಯಪ್, ತಕ್ಕಡಿಯಿಂದ ತೂಕ ಓದುವ ಕೋಡ್ ಎಲ್ಲವೂ ಒಂದೇ ಗಿಟ್ ರೆಪೊದಲ್ಲಿವೆ (ಗಿಟ್ ಅಂದರೆ ಕೋಡ್ ಬದಲಾವಣೆಗಳ ಇತಿಹಾಸ ಇಡುವ ಸಾಫ್ಟ್‌ವೇರ್, ರೆಪೊ ಅದರ ಭಂಡಾರ). ಆ್ಯಪ್ ಬರೆಯುವವರಿಗೆ ತಕ್ಕಡಿ ಫೋಲ್ಡರ್ ಯಾಕೆ ಬೇಕು? ಅದಕ್ಕೇ ಬೇಕಾದಷ್ಟೇ ಇಳಿಸಿಕೊಳ್ಳುವ ದಾರಿಗಳನ್ನು ಪರೀಕ್ಷಿಸಿದೆ. ವೇಗದ ಲೆಕ್ಕ ಹಾಕಲಿಲ್ಲ. ಬೇಡ ಅಂದ ಫೋಲ್ಡರಿನಲ್ಲಿ ಕಮಿಟ್ ಆಗದೆ (ಗಿಟ್ ಇತಿಹಾಸಕ್ಕೆ ಸೇರದೆ) ಕೂತ ಫೈಲ್‌ಗಳು ಏನಾಗುತ್ತವೆ ಅನ್ನುವುದಷ್ಟೇ ನನ್ನ ಪ್ರಶ್ನೆ.

ಮೊದಲು ಸ್ಪಾರ್ಸ್ ಚೆಕ್‌ಔಟ್, ಅಂದರೆ ರೆಪೊದ ಕೆಲವು ಭಾಗ ಮಾತ್ರ ಡಿಸ್ಕ್‌ನಲ್ಲಿ ಇಟ್ಟುಕೊಳ್ಳುವ ಗಿಟ್ ಸೌಲಭ್ಯ. ಅದರಲ್ಲೂ ಬೇಕಾದ ಫೋಲ್ಡರ್‌ಗಳ ಹೆಸರಷ್ಟೇ ಕೊಡುವ ಕೋನ್ ಮೋಡ್. ಗಿಟ್ 2.37ರಿಂದ ಇದೇ ಡಿಫಾಲ್ಟ್. ರೆಪೊದ ಒಂದು ಕಾಪಿ ಮಾಡಿ, ತಕ್ಕಡಿ ಫೋಲ್ಡರಿನಲ್ಲಿ ಪೋರ್ಟ್ ಮತ್ತು ಪಾಸ್‌ವರ್ಡ್ ಇರುವ ಡಾಟ್ ಎನ್ವ್ (.env) ಅನ್ನುವ ಸೆಟ್ಟಿಂಗ್ ಫೈಲ್ ಇಟ್ಟೆ. ಅದು ಗಿಟ್‌ಇಗ್ನೋರ್ ಪಟ್ಟಿಯಲ್ಲಿದೆ, ಅಂದರೆ ಗಿಟ್ ಲೆಕ್ಕಕ್ಕೆ ತೆಗೆದುಕೊಳ್ಳಬಾರದ ಫೈಲ್‌ಗಳ ಪಟ್ಟಿಯಲ್ಲಿ. ಆಮೇಲೆ ಆ್ಯಪ್ ಫೋಲ್ಡರ್ ಮಾತ್ರ ಸಾಕು ಅಂದೆ. ತಕ್ಕಡಿ ಫೋಲ್ಡರ್ ಪೂರ್ತಿ ಮಾಯ, ಡಾಟ್ ಎನ್ವ್ ಸಮೇತ. ಎಚ್ಚರಿಕೆ ಇಲ್ಲ, ಪ್ರಶ್ನೆ ಇಲ್ಲ.

ಇನ್ನೊಂದು ಸಲ ಅದೇ ಫೋಲ್ಡರಿನಲ್ಲಿ ಡಾಟ್ ಎನ್ವ್ ಜೊತೆ ಒಂದು ನೋಟ್ಸ್ ಫೈಲನ್ನೂ ಹಾಕಿದೆ. ಅದನ್ನು ಆ್ಯಡ್ ಮಾಡಿಲ್ಲ, ಇಗ್ನೋರ್ ಪಟ್ಟಿಯಲ್ಲೂ ಇಲ್ಲ. ಈಗ ಕೋಡ್ ಫೈಲ್‌ಗಳು ಹೋದವು, ನೋಟ್ಸ್ ಉಳಿಯಿತು, ಡಾಟ್ ಎನ್ವ್ ಕೂಡ ಉಳಿಯಿತು! ಜೊತೆಗೆ ಒಂದು ಎಚ್ಚರಿಕೆಯೂ ಬಂತು. ಗಿಟ್ ದಾಖಲೆಯಲ್ಲಿ ನಿಯಮ ಹೀಗೇ ಇದೆ: ಕೋನ್‌ನಿಂದ (ಬೇಕು ಅಂದ ಫೋಲ್ಡರ್‌ಗಳ ಪಟ್ಟಿಯಿಂದ) ಹೊರಬಿದ್ದ ಫೋಲ್ಡರಿನಲ್ಲಿ ಮಿಕ್ಕಿದ್ದೆಲ್ಲ ಇಗ್ನೋರ್ ಆಗಿದ್ದರೆ ಫೋಲ್ಡರನ್ನೇ ಅಳಿಸುತ್ತದೆ. ಇಗ್ನೋರ್ ಆಗದ ಒಂದೇ ಒಂದು ಅನ್‌ಟ್ರ್ಯಾಕ್ಡ್ (ಗಿಟ್‌ಗೆ ಆ್ಯಡ್ ಮಾಡದ) ಫೈಲ್ ಇದ್ದರೂ ಆ ಫೋಲ್ಡರಿನಲ್ಲಿ ಉಳಿದದ್ದನ್ನು ಮುಟ್ಟುವುದಿಲ್ಲ. ಬಿಲ್ಡ್ ಕಸಕ್ಕೆ, ಅಂದರೆ ಕೋಡ್‌ನಿಂದ ಮತ್ತೆ ತಯಾರಿಸಬಹುದಾದ ಫೈಲ್‌ಗಳಿಗೆ, ಇದು ಸರಿ. ಪಾಸ್‌ವರ್ಡಿಗೆ? ಒಂದು ಹರಕು ನೋಟ್ಸ್ ಫೈಲ್ ಕಾವಲು ಕಾಯಬೇಕಾ?

ಕೋನ್ ಬಿಟ್ಟು, ಯಾವ ಫೈಲ್ ಬೇಕು ಅಂತ ಗಿಟ್‌ಇಗ್ನೋರ್ ಥರದ ನಿಯಮ ಬರೆಯುವ ಹಳೆಯ ಪ್ಯಾಟರ್ನ್ ರೀತಿಗೆ ಹೋದರೆ ಈ ಸ್ವಚ್ಛತಾ ಕೆಲಸವೇ ಇಲ್ಲ. ಡಾಟ್ ಎನ್ವ್, ನೋಟ್ಸ್, ಬಿಲ್ಡ್ ಕಸ ಎಲ್ಲ ಹಾಗೇ ಬಿದ್ದಿರುತ್ತವೆ. ಆದರೆ ಪ್ಯಾಟರ್ನ್ ಬರೆಯುವುದು ತಲೆನೋವು, ದೊಡ್ಡ ರೆಪೊದಲ್ಲಿ ನಿಧಾನ ಕೂಡ. ಗಿಟ್‌ನವರೇ ಇದನ್ನು ಬೇಡ ಅನ್ನುತ್ತಾರೆ.

ವರ್ಕ್‌ಟ್ರೀ, ಅಂದರೆ ಒಂದೇ ರೆಪೊಗೆ ಜೋಡಿಸಿದ ಇನ್ನೊಂದು ಕೆಲಸದ ಫೋಲ್ಡರ್, ನನಗೆ ಹಿಡಿಸಿತು. ಕೆಲಸಕ್ಕೊಂದು ವರ್ಕ್‌ಟ್ರೀ ಮಾಡಿ, ಅದರದೇ ಸ್ಪಾರ್ಸ್ ಪಟ್ಟಿ ಕೊಟ್ಟರೆ ಫೋಲ್ಡರ್ ಕಡಿಮೆ ಮಾಡುವ ಪ್ರಸಂಗವೇ ಜಾಸ್ತಿ ಬರುವುದಿಲ್ಲ. ಕೆಲಸ ಮುಗಿದು ತೆಗೆಯುವಾಗ ಮಾತ್ರ ಹುಷಾರು. ಅನ್‌ಟ್ರ್ಯಾಕ್ಡ್ ಫೈಲ್ ಕಂಡರೆ ಗಿಟ್ ತೆಗೆಯಲು ಒಪ್ಪುವುದಿಲ್ಲ, ಫೋರ್ಸ್ ಕೊಡು ಅನ್ನುತ್ತದೆ. ಬರೀ ಇಗ್ನೋರ್ ಆದ ಫೈಲ್ ಇದ್ದರೆ ಸುಮ್ನೆ ಅಳಿಸಿಬಿಡುತ್ತದೆ. ಅಲ್ಲೂ ಅದೇ ಕಥೆ.

ಗಿಟ್‌ಗಿಂತ ಹಳೆಯ ಅದೇ ಥರದ ಸಾಫ್ಟ್‌ವೇರ್ ಸಬ್‌ವರ್ಷನ್‌ನಲ್ಲಿ ನಮ್ಮ ಹಳೆಯ ಪ್ರಾಜೆಕ್ಟ್ ಒಂದಿದೆ. ಅದರ ಸೆಟ್ ಡೆಪ್ತ್ ಆಯ್ಕೆಗೆ ಎಕ್ಸ್‌ಕ್ಲೂಡ್ ಕೊಟ್ಟು ಫೋಲ್ಡರ್ ಬೇಡ ಅಂದರೆ ತನ್ನ ಫೈಲ್ ಮಾತ್ರ ತೆಗೆಯುತ್ತದೆ, ನಮ್ಮದನ್ನು ಬಿಡುತ್ತದೆ. ಈ ಒಂದು ವಿಷಯದಲ್ಲಿ ಗೆದ್ದದ್ದು ಅದೇ, ಆದರೆ ಇದಕ್ಕೋಸ್ಕರ ಯಾರು ವಾಪಸ್ ಹೋಗುತ್ತಾರೆ?

ಕೊನೆಗೆ ಕೋನ್ ಜೊತೆ ವರ್ಕ್‌ಟ್ರೀ ಇಟ್ಟುಕೊಂಡೆವು. ಡಾಟ್ ಎನ್ವ್‌ಗಳು ರೆಪೊದ ಹೊರಗೆ, ಹೋಮ್ ಫೋಲ್ಡರಿನಲ್ಲಿವೆ. ರೆಪೊದೊಳಗೆ ಅವಕ್ಕೆ ಸಿಂಬಾಲಿಕ್ ಲಿಂಕ್ (ಅಸಲಿ ಫೈಲಿನತ್ತ ಕೈತೋರುವ ಕೊಂಡಿ) ಮಾತ್ರ. ಅಳಿಸಿದರೆ ಲಿಂಕ್ ಹೋಗುತ್ತದೆ, ಫೈಲ್ ಇರುತ್ತದೆ. ಫೋಲ್ಡರ್ ಕಡಿಮೆ ಮಾಡುವ ಮುಂಚೆ ಗಿಟ್ ಸ್ಟೇಟಸ್‌ಗೆ ಇಗ್ನೋರ್ಡ್ ಆಯ್ಕೆ ಸೇರಿಸಿ ಓಡಿಸುತ್ತೇವೆ. ಹೋಗಲಿರುವುದು ಏನೇನು ಅಂತ ಅಲ್ಲೇ ಕಾಣುತ್ತದೆ.